ಅಪ್ಪನ ಕತ್ತಿ, ನನ್ನ ರೇಜರ್

ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ನಮ್ಮ ಹಾಸ್ಟೆಲಿನಲ್ಲಿ ಎರಡು ವಸ್ತುಗಳಿಗೆ ಭಾರೀ ಬೇಡಿಕೆ. ಒಂದು ಇಸ್ತ್ರಿ ಪೆಟ್ಟಿಗೆ, ಇನ್ನೊಂದು ಒಳ್ಳೆಯ ರೇಜರ್. ಆರು ತಿಂಗಳಿಂದ ಗಡ್ಡದ ಸುದ್ದಿಗೇ ಹೋಗದವರೆಲ್ಲ ಇಂಟರ್‌ವ್ಯೂ ಹಿಂದಿನ ರಾತ್ರಿ ನನ್ನ ರೂಮಿನ ಬಾಗಿಲು ಬಡೀತಾರೆ. "ಲೇ, ನಿಮ್ಮಪ್ಪಂದು ಕಟಿಂಗ್ ಶಾಪ್ ಐತಲ್ಲ, ನೀನೇ ಹೇಳು. ನುಣ್ಣಗೆ ಬರ್ಬೇಕಂದ್ರೆ ಯಾವ್ದು ಚಲೋ? ಡಬಲ್ ಎಡ್ಜ್ ರೇಜರ್ರಾ, ಶಾಪಿನ ಕತ್ತಿನಾ?" ಯೂಟ್ಯೂಬ್ ನೋಡಿ ಉದ್ದನೆಯ ಮಡಚುವ ಕತ್ತಿ ತರಿಸಿಕೊಂಡು, ಅದನ್ನು ಡಬ್ಬಿಯಿಂದ ತೆಗೆಯೋಕೇ ಹೆದರಿ ಕೂತವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ನಮ್ಮೂರು ಬುಕ್ಕಸಾಗರ. ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ಕಡೆ ಹೊರಟರೆ ದಾರಿಯಲ್ಲೇ ಸಿಗುತ್ತದೆ. ಒಂದು ಕಡೆ ಕಲ್ಲುಗುಡ್ಡ, ಇನ್ನೊಂದು ಕಡೆ ಭತ್ತ, ಬಾಳೆ, ಕಬ್ಬು, ಅದರಾಚೆ ತುಂಗಭದ್ರೆ. ಅಲ್ಲಿ ಅಪ್ಪನ ಅಂಗಡಿ: ಎರಡು ಕುರ್ಚಿ, ಎರಡು ಕನ್ನಡಿ, ಒಂದು ಬೆಂಚು, ಒಂದು ಪೇಪರ್. ನಾನು ಮೆಕ್ಯಾನಿಕಲ್ ಬ್ರಾಂಚ್ ಸೇರುವ ಮೊದಲೇ ಲೋಹ, ಕೋನ, ಘರ್ಷಣೆ ಅನ್ನೋದನ್ನೆಲ್ಲ ಆ ಬೆಂಚಿನ ಮೇಲೆ ಕೂತು ನೋಡಿದ್ದೆ. ಹೆಸರುಗಳು ಮಾತ್ರ ಗೊತ್ತಿರಲಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಶಾಪಿನ ಕತ್ತಿ ಹೆಚ್ಚು ಹರಿತ, ಅದಕ್ಕೇ ನುಣ್ಣಗಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅಪ್ಪನ ಕೆಲಸವನ್ನು ಗಮನಿಸಿ ನೋಡಿ. ಕಾಗದ ಸುತ್ತಿದ ಒಂದು ಡಬಲ್ ಎಡ್ಜ್ ಬ್ಲೇಡ್ ತೆಗೆದುಕೊಳ್ಳುತ್ತಾನೆ, ಕಾಗದದ ಸಮೇತ ನಡುವಿಗೆ ಬಗ್ಗಿಸಿ ಟಕ್ ಅಂತ ಮುರಿಯುತ್ತಾನೆ. ಅರ್ಧ ಬ್ಲೇಡು ಕತ್ತಿಯ ಬಾಯಿಗೆ, ಉಳಿದರ್ಧ ಮುಂದಿನ ಗಿರಾಕಿಗೆ. ಅಂದರೆ ಶಾಪಿನ ಕತ್ತಿಯಲ್ಲಿರೋದು ನಿಮ್ಮ ಬಾತ್‌ರೂಮಿನ ರೇಜರಿನಲ್ಲಿರೋ ಅದೇ 0.1 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್. ಹರಿತ ಎರಡರದ್ದೂ ಒಂದೇ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕೋನವನ್ನು ಯಾರು ಹಿಡಿಯುತ್ತಾರೆ ಅನ್ನೋದರಲ್ಲಿ. ಚರ್ಮಕ್ಕೂ ಬ್ಲೇಡಿಗೂ ನಡುವೆ ಸುಮಾರು 30 ಡಿಗ್ರಿ ಇರಬೇಕು. ಜಾಸ್ತಿಯಾದರೆ ಚರ್ಮ ಕೆರೆಯುತ್ತದೆ, ತೀರಾ ಕಮ್ಮಿಯಾದರೆ ಕೂದಲು ಕತ್ತರಿಸದೆ ಜಗ್ಗುತ್ತದೆ. ಸೇಫ್ಟಿ ರೇಜರಿನಲ್ಲಿ ಮೇಲಿನ ಮುಚ್ಚಳ, ಕೆಳಗಿನ ಹಲ್ಲಿನ ಪಟ್ಟಿ ಎರಡೂ ಚರ್ಮಕ್ಕೆ ತಾಗಿದಾಗ ಹೆಚ್ಚುಕಡಿಮೆ ಆ ಕೋನ ತಾನಾಗೇ ಬರುತ್ತದೆ. ಬ್ಲೇಡ್ ಎಷ್ಟು ಹೊರಗೆ ಚಾಚಬೇಕು ಅನ್ನೋದನ್ನೂ ಫ್ಯಾಕ್ಟರಿಯಲ್ಲೇ ನಿರ್ಧರಿಸಿರುತ್ತಾರೆ. ಇನ್ನೊಂದು ಚಂದದ ಸಂಗತಿ: ತಗಡಿನಂಥ ಆ ಬ್ಲೇಡನ್ನು ಮುಚ್ಚಳ ತುಸು ಬಾಗಿಸಿ ಹಿಡಿಯುತ್ತದೆ. ಬಾಗಿದ ತಗಡು ಚಪ್ಪಟೆ ತಗಡಿಗಿಂತ ಗಟ್ಟಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕತ್ತಿಗೆ ಇದ್ಯಾವುದೂ ಇಲ್ಲ. ಅಲ್ಲಿ ಕೋನ ಅಪ್ಪನ ಮಣಿಕಟ್ಟಿನಲ್ಲಿದೆ, ಒತ್ತಡ ಬೆರಳಿನಲ್ಲಿದೆ, ಹಲ್ಲಿನ ಪಟ್ಟಿಯ ಕೆಲಸವನ್ನು ಚರ್ಮ ಎಳೆದು ಹಿಡಿದ ಎಡಗೈ ಮಾಡುತ್ತದೆ.

ಇದನ್ನು ಕೈಯಿಂದ ಯಂತ್ರಕ್ಕೆ ಸಾಗಿಸಿದ್ದೂ ಒಂದು ಎಂಜಿನಿಯರಿಂಗ್ ಕಥೆಯೇ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಒಬ್ಬ ಸೇಲ್ಸ್‌ಮನ್. ಬಳಸಿ ಬಿಸಾಡುವ ತೆಳುವಾದ ಬ್ಲೇಡಿನ ಆಲೋಚನೆ ಅವನಿಗೆ 1895ರಲ್ಲಿ ಬಂತು. ಆದರೆ ಅಷ್ಟು ತೆಳು ಉಕ್ಕಿನ ಹಾಳೆಯನ್ನು ಹದ ಮಾಡಿ ಹರಿತಗೊಳಿಸೋದು ಆಗದ ಕೆಲಸ ಅಂತ ತಿಳಿದವರು ಹೇಳಿದ್ದರು. ಅದನ್ನು ಸಾಧ್ಯ ಮಾಡಿದವನು ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್. 1903ರಲ್ಲಿ ಮಾರಾಟ ಶುರುವಾಯಿತು. ಆ ವರ್ಷ ಹೋಗಿದ್ದು ಬರೀ 51 ರೇಜರ್, 168 ಬ್ಲೇಡ್. ಮುಂದಿನ ವರ್ಷ ಪೇಟೆಂಟ್ ಸಿಕ್ಕಿತು. ಜಿಲೆಟ್ ಹೆಸರು ಡಬ್ಬಿಯ ಮೇಲೆ ಉಳಿಯಿತು, ನಿಕರ್ಸನ್ ಹೆಸರು ನಮ್ಮಂಥವರ ಬಾಯಲ್ಲಿ ಉಳಿದರೆ ಸಾಕು.

ನಮ್ಮ ತಾತನ ಕಾಲದ ಕತ್ತಿ ಬೇರೆ. ಅದರ ಉಕ್ಕು ಒಂದೇ ತುಂಡು, ಬ್ಲೇಡ್ ಬದಲಾಯಿಸೋ ಮಾತೇ ಇಲ್ಲ. ಅದು ಈಗಲೂ ಮನೆಯಲ್ಲಿದೆ. ಬೆನ್ನು ದಪ್ಪ, ಅಲಗು ತೆಳು, ನಡುವೆ ಎರಡೂ ಕಡೆ ತಗ್ಗು. ಸಾಣೆಕಲ್ಲಿನ ಮೇಲೆ ಇಡುವಾಗ ಬೆನ್ನು, ಅಲಗು ಎರಡೂ ಕಲ್ಲಿಗೆ ತಾಗಬೇಕು ಅಂತ ತಾತ ಹೇಳುತ್ತಿದ್ದ. ಯಾಕೆ ಅಂತ ನನಗೆ ತಿಳಿದದ್ದು ಎರಡನೇ ಸೆಮಿಸ್ಟರಿನಲ್ಲಿ. ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಇರುವ ಅನುಪಾತವೇ ಅಲಗಿನ ಕೋನವನ್ನು ನಿಗದಿ ಮಾಡುತ್ತದೆ. ಸಾಮಾನ್ಯವಾಗಿ 16ರಿಂದ 18 ಡಿಗ್ರಿ. ಎಷ್ಟು ವರ್ಷ ಮಸೆದರೂ ಬೆನ್ನೂ ಅಲಗೂ ಜೊತೆಜೊತೆಗೆ ಸವೆಯುವುದರಿಂದ ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಜಿಗ್ ಬೇಕಿಲ್ಲ, ಕತ್ತಿಯೇ ಜಿಗ್. ಆಮೇಲೆ ಚರ್ಮದ ಪಟ್ಟಿಗೆ ಬೆನ್ನು ಮುಂದಾಗಿ ಎಳೆಯೋದು. ಅಲಗು ಮುಂದಾದರೆ ಪಟ್ಟಿಯೇ ಹರಿಯುತ್ತದೆ.

ಆ ಕತ್ತಿ ಅಂಗಡಿಯಿಂದ ಹೋಗಿದ್ದು ನುಣುಪಿನ ಕಾರಣಕ್ಕಲ್ಲ, ರೋಗದ ಭಯಕ್ಕೆ. ಒಂದೇ ಅಲಗು ಹತ್ತು ಗಲ್ಲಕ್ಕೆ ತಾಗಿದರೆ ರಕ್ತದಿಂದ ರೋಗ ಹರಡಬಹುದು. ಎಚ್‌ಐವಿ ಅರಿವಿನ ಪ್ರಚಾರ ಹಳ್ಳಿಗೂ ಬಂದ ಮೇಲೆ ಗಿರಾಕಿಗಳೇ "ಹೊಸ ಬ್ಲೇಡ್ ಹಾಕಪಾ" ಅನ್ನತೊಡಗಿದರಂತೆ. ಅಪ್ಪ ಈಗಲೂ ಗಿರಾಕಿಯ ಕಣ್ಣೆದುರಿಗೇ ಬ್ಲೇಡ್ ಮುರಿಯುತ್ತಾನೆ. ನೀವು ಯಾವ ಊರಿನ ಶಾಪಿಗೆ ಹೋದರೂ ಇದನ್ನು ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಇನ್ನು ನುಣುಪಿನ ವಿಚಾರ. ಅರ್ಧ ಕೆಲಸ ನೀರಿನದು. ಒಣ ಕೂದಲು ಗಡುಸು, ಎರಡು ಮೂರು ನಿಮಿಷ ನೆನೆದರೆ ಮೆತ್ತಗಾಗಿ ಸಲೀಸಾಗಿ ಕತ್ತರಿಸುತ್ತದೆ. ಅಪ್ಪ ಬ್ರಶ್ಶಿನಿಂದ ಅಷ್ಟು ಹೊತ್ತು ನೊರೆ ಆಡಿಸೋದು ಟೈಂಪಾಸಿಗಲ್ಲ. ಕೂದಲು ಮೆತ್ತಗಿದ್ದರೂ ಬ್ಲೇಡ್ ಯಾಕೆ ಇಷ್ಟು ಬೇಗ ಮೊಂಡಾಗುತ್ತದೆ ಅನ್ನೋದಕ್ಕೆ 2020ರಲ್ಲಿ ಎಂಐಟಿಯವರು 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಕೂದಲು ಓರೆಯಾಗಿ ಬಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ ಅಲಗಿನ ಅಂಚು ಚೂರುಚೂರೇ ಒಡೆಯುತ್ತದೆ. ಬ್ಲೇಡ್ ಸವೆಯೋದಕ್ಕಿಂತ ಹೆಚ್ಚಾಗಿ ಹಲ್ಲು ಮುರಿದುಕೊಳ್ಳುತ್ತದೆ ಅನ್ನಿ. ಅದಕ್ಕೇ ಮೂರು ನಾಲ್ಕು ಸಲ ಬಳಸಿದ ಬ್ಲೇಡ್ ಉರಿ ತರಿಸುತ್ತದೆ.

ನೀರಿನದೇ ಇನ್ನೊಂದು ಕಥೆ ಇದೆ, ಡಿಸೈನ್ ಓದುವವರು ಕೇಳಲೇಬೇಕು. 2002ರಲ್ಲಿ ಜಿಲೆಟ್ ಕಂಪನಿ ಭಾರತಕ್ಕೆಂದೇ ಒಂದು ರೇಜರ್ ತಂದಿತು. ಸಿಕ್ಕಿಕೊಂಡ ಕೂದಲನ್ನು ಹೊರಕ್ಕೆ ತಳ್ಳಲು ಅದರಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಇತ್ತು. ಪರೀಕ್ಷೆ ಮಾಡಿದ್ದು ಯಾರ ಮೇಲೆ? ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ಹುಡುಗರ ಮೇಲೆ. ಅವರೆಲ್ಲ ಮೆಚ್ಚಿದರು. ಇಲ್ಲಿಗೆ ಬಂದರೆ ಕೂದಲು ಸಿಕ್ಕಿಕೊಂಡು ರೇಜರ್ ಕಟ್ಟಿಕೊಂಡಿತು. ಯಾಕಂದರೆ ಅಲ್ಲಿ ನಲ್ಲಿ ಬಿಟ್ಟರೆ ನೀರು, ಇಲ್ಲಿ ಬಹಳ ಜನರಿಗೆ ಒಂದು ಲೋಟ ನೀರೇ ಗತಿ. ಆಮೇಲೆ ಕಂಪನಿಯವರು ನಮ್ಮ ದೇಶದ ಮನೆಮನೆಗೆ ಬಂದು, ಗಂಡಸರು ಶೇವ್ ಮಾಡೋದನ್ನು ಗಂಟೆಗಟ್ಟಲೆ ಕೂತು ನೋಡಿ, ಒಂದೇ ಬ್ಲೇಡಿನ, ಸುಲಭವಾಗಿ ತೊಳೆಯೋಕಾಗುವ 15 ರೂಪಾಯಿಯ 'ಗಾರ್ಡ್' ಅನ್ನು 2010ರಲ್ಲಿ ತಂದರು. ಅದು ಗೆದ್ದಿತು. ಅಪ್ಪನ ಕತ್ತಿಗೆ ಮಾತ್ರ ಈ ತೊಂದರೆ ಇಲ್ಲವೇ ಇಲ್ಲ. ಕಟ್ಟಿಕೊಳ್ಳೋಕೆ ಅದರಲ್ಲಿ ಸಂದೇ ಇಲ್ಲ. ಒಂದು ಬಟ್ಟಲು ನೀರು, ನೊರೆ ಒರೆಸೋಕೆ ಒಂದು ತುಂಡು ಪೇಪರ್, ಮುಗೀತು.

ಕತ್ತಿಗೆ ಇನ್ನೊಂದು ಹೆಚ್ಚುಗಾರಿಕೆ ಇದೆ, ಅದು ನಮ್ಮ ವಯಸ್ಸಿನವರಿಗೆ ಬೇಗ ತಿಳಿಯೋದಿಲ್ಲ. ಹಲ್ಲು ಹೋಗಿ ಗಲ್ಲ ಗುಳಿಬಿದ್ದ ಮುದುಕರಿಗೆ ಸೇಫ್ಟಿ ರೇಜರಿನ ಅಗಲ ತಲೆ ಸರಿಯಾಗಿ ಕೂರೋದಿಲ್ಲ. ಅಪ್ಪ ಒಂದು ಬೆರಳಿನಿಂದ ಚರ್ಮ ಎಳೆದು, "ಉಫ್ ಅನ್ನಜ್ಜ" ಅಂತ ಗಲ್ಲ ಉಬ್ಬಿಸೋಕೆ ಹೇಳಿ, ಕತ್ತಿಯ ಮೂಲೆಯಿಂದ ಅಷ್ಟೇ ಜಾಗ ತೆಗೆಯುತ್ತಾನೆ. ಹಾಸಿಗೆ ಹಿಡಿದವರಿದ್ದರೆ ಚೀಲ ತಗೊಂಡು ಮನೆಗೇ ಹೋಗುತ್ತಾನೆ. ವಾರಗಟ್ಟಲೆ ಯಾರೂ ಮುಟ್ಟದ ಮುಖವನ್ನು ಆತ ಅರ್ಧ ಗಂಟೆ ಕೈಯಲ್ಲಿ ಹಿಡಿದಿರುತ್ತಾನೆ. ಮುಗಿದ ಮೇಲೆ ಪಟಿಕ ಒರೆಸಿ ಕನ್ನಡಿ ಹಿಡಿದರೆ ಆ ಮುದುಕರು ಎದ್ದು ಕೂರೋದನ್ನು ನಾನು ನೋಡಿದ್ದೇನೆ.

ತಾತನ ಕಾಲದಲ್ಲಿ ಇದಕ್ಕೆ ದುಡ್ಡಿರಲಿಲ್ಲ. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ. ಕೊಟ್ಟಷ್ಟು ಭತ್ತ. ಎಷ್ಟು ಅನ್ನೋದು ಕೊಡೋರ ಮನಸ್ಸು. ಕತ್ತಿ ಎಷ್ಟು ಹರಿತವಿದ್ದರೂ ಕಣದಲ್ಲಿ ಕೈ ಒಡ್ಡಿಯೇ ನಿಲ್ಲಬೇಕಿತ್ತು. ಅಪ್ಪ ಅಂಗಡಿ ಹಾಕಿ, ಗೋಡೆಗೆ ರೇಟ್ ಬೋರ್ಡ್ ಹಚ್ಚಿದ್ದು ನನಗೆ ಮೊದಲು ಸಣ್ಣ ವಿಷಯ ಅನ್ನಿಸಿತ್ತು. ಈಗ ಅನ್ನಿಸೋದಿಲ್ಲ.

ನಮ್ಮೂರಿಂದ ಹಂಪಿ ದೂರವೇನಲ್ಲ. ಸ್ನೇಹಿತರು ಬಂದಾಗಲೆಲ್ಲ ಕಲ್ಲಿನ ರಥ ತೋರಿಸಿ ಕೃಷ್ಣದೇವರಾಯನ ಕಥೆ ಹೇಳುತ್ತೇವೆ. ನಾನು ಇನ್ನೊಬ್ಬನ ಕಥೆಯನ್ನೂ ಹೇಳುತ್ತೇನೆ. ಅವನ ಹೆಸರು ಕೊಂಡೋಜ. 16ನೇ ಶತಮಾನದ ನಡುವೆ, ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ಆಳುತ್ತಿದ್ದಾಗ, ಅವನಿಗೆ ಕ್ಷೌರ ಮಾಡುತ್ತಿದ್ದವನು. ರಾಮರಾಯನನ್ನು ಮೆಚ್ಚಿಸಿ, ಕ್ಷೌರಿಕರ ಮೇಲಿದ್ದ ತೆರಿಗೆಗಳನ್ನು ತೆಗೆಸಿದ. ಇದು ಕಟ್ಟುಕಥೆಯಲ್ಲ, ಆ ಕಾಲದ ಹಲವು ಶಾಸನಗಳಲ್ಲಿ ಕೆತ್ತಿದ್ದಾರೆ. ಸಾಮ್ರಾಜ್ಯ ನಡೆಸುವವನ ಕುತ್ತಿಗೆಗೆ ದಿನಾ ಬೆಳಿಗ್ಗೆ ಕತ್ತಿ ಇಡುತ್ತಿದ್ದ ಮನುಷ್ಯ ಅವನು. ಅವನ ಕೈ ನಡುಗುತ್ತಿರಲಿಲ್ಲ ಅಂತ ಮಾತ್ರ ಖಂಡಿತ ಹೇಳಬಹುದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಕಾರಿಡಾರಿನಲ್ಲಿ ಒಂದು ಬೈಗುಳ ಓಡಾಡುತ್ತದೆ. ಯಾರಾದರೂ ಕೆಲಸ ಕೆಡಿಸಿದರೆ 'ಹಜಾಮ', ಟೈಂ ವೇಸ್ಟ್ ಮಾಡಿದರೆ 'ಹಜಾಮತಿ'. ಅನ್ನುವವರಿಗೆ ನನ್ನ ಮೇಲೆ ಸಿಟ್ಟೇನಿಲ್ಲ, ರಾತ್ರಿ ರೇಜರ್ ಕೇಳೋಕೆ ಬರುವವರೂ ಅವರೇ. ಆ ಪದ ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆದು ಚಿಕಿತ್ಸೆ ಮಾಡುವವನು. ಇನ್ನು ನಮ್ಮ ಕಡೆಯ ಹೆಸರು ಹಡಪದ. ಹಡಪ ಅಂದರೆ ಚೀಲ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣ, ಅವರ ಹೆಂಡತಿ ಲಿಂಗಮ್ಮ ಇಬ್ಬರೂ ವಚನ ಬರೆದವರು. 30 ಡಿಗ್ರಿ ಕೋನವನ್ನು ಬರಿಗೈಯಲ್ಲಿ ಹಿಡಿದು, ಜೀವಂತ ಚರ್ಮದ ಮೇಲೆ, ಗೀರಾಗದಂತೆ ಕೆಲಸ ಮುಗಿಸುವವನ ಹೆಸರು ಕೆಲಸ ಕೆಡಿಸುವವನಿಗೆ ಹೇಗೆ ಬಂತೋ! ವರ್ಕ್‌ಶಾಪಿನಲ್ಲಿ ಒಂದು ಕಬ್ಬಿಣದ ತುಂಡನ್ನು ಚೌಕ ಮಾಡೋಕೆ ನಾವು ಒದ್ದಾಡಿದ್ದು ಎಲ್ಲರಿಗೂ ನೆನಪಿದೆ. ಬೈಯಲೇಬೇಕಿದ್ದರೆ ಬೇರೆ ಪದ ಹುಡುಕಿಕೊಳ್ಳಿ, ಕನ್ನಡದಲ್ಲಿ ಬರ ಇಲ್ಲ.

ಕಾಲೇಜಿನ ಅರ್ಜಿ ತುಂಬುವಾಗ 'ತಂದೆಯ ಉದ್ಯೋಗ' ಅಂತ ಒಂದು ಕಾಲಂ ಇತ್ತು. "ಬಿಸಿನೆಸ್ ಅಂತ ಬರಿ ತಮ್ಮಾ, ಯಾಕ ಸುಮ್ನೆ" ಅಂದ ಅಪ್ಪ. ನಾನು 'ಕ್ಷೌರಿಕ' ಅಂತ ಬರೆದೆ. ಆತ ಅದನ್ನು ಒಂದು ಸಲ ಓದಿ, ಏನೂ ಅನ್ನದೆ ಸಹಿ ಹಾಕಿದ.

ಹಾಗಾದರೆ ಯಾವುದು ತಗೋಬೇಕು? ನೀವೇ ಮಾಡಿಕೊಳ್ಳೋದಾದರೆ ಸೇಫ್ಟಿ ರೇಜರ್, ಬೇರೆ ಮಾತಿಲ್ಲ. ಸ್ನಾನ ಆದ ಮೇಲೆ ಮಾಡಿ. ಒತ್ತಬೇಡಿ, ರೇಜರಿನ ಭಾರವೇ ಸಾಕು. ಮೊದಲ ಸಲ ಕೂದಲು ಬೆಳೆದ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಎರಡನೇ ಸಲ ಅಡ್ಡಕ್ಕೆ. ಉಲ್ಟಾ ಎಳೆಯೋದು ಚರ್ಮ ತಡೆದರೆ ಮಾತ್ರ. ಕತ್ತಿಯ ನುಣುಪು ಬೇಕಾದರೆ ಕತ್ತಿ ಕೊಳ್ಳಬೇಡಿ, ಆ ಕೈ ಇರುವವರ ಹತ್ತಿರ ಹೋಗಿ, ರೇಟ್ ಬೋರ್ಡಿನಲ್ಲಿ ಇದ್ದಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಕತ್ತಿ ಅಂಗಡಿಯಲ್ಲಿ ಸಿಗುತ್ತದೆ, ಕೈ ಸಿಗೋದಿಲ್ಲ.

ಅಪ್ಪನಿಗೆ ಈಗ ಐವತ್ತಾರು. ಚಾಳೀಸು ಬಂದಿದೆ, ಸಂಜೆಗೆ ಬಲಭುಜ ಹಿಡಿಯುತ್ತದೆ. ನದಿಗೆ ಕಡೆಬಾಗಿಲು ಸೇತುವೆ ಆದಮೇಲೆ ಗಂಗಾವತಿ ಕಡೆಯ ಗಾಡಿಗಳು ನಮ್ಮೂರ ಮೇಲೆ ಹಾಯುತ್ತವೆ, ಗಿರಾಕಿಗೆ ಕೊರತೆ ಇಲ್ಲ. ಎರಡನೇ ಕುರ್ಚಿಗೆ ಮಾತ್ರ ಆಳಿಲ್ಲ. "ನೀನು ಓದಿದ್ದು ಇದಕ್ಕಲ್ಲ" ಅಂತ ಆತ ಕತ್ತಿಯನ್ನು ನನ್ನ ಕೈಗೆ ಕೊಡೋದಿಲ್ಲ. ಹಾಗಂತ ಸುಮ್ಮನೂ ಇರೋದಿಲ್ಲ. ಕಳೆದ ರಜೆಯಲ್ಲಿ ನನ್ನ ರೇಜರಿನಿಂದ ಶೇವ್ ಮಾಡಿಕೊಂಡು ಹೊರಗೆ ಬಂದೆ. ಅಪ್ಪ ಹತ್ತಿರ ಕರೆದು, ಬೆರಳಿನ ಹಿಂಬದಿಯನ್ನು ನನ್ನ ದವಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಆಡಿಸಿದ. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಇಲ್ಲಿ ನೋಡು, ಎರಡು ಉಳದಾವು."