ಹೊಳೆ ತಿರುಗುವ ನಾಡು

ನನ್ನ ಕಾದಂಬರಿಯ ಹೊಳೆ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಮಳೆಗಾಲ ಪೂರ್ತಿ ಬಯಲಿನಿಂದ ಬೆಟ್ಟದ ಕಡೆಗೆ ಏರುತ್ತದೆ. ಮಳೆ ನಿಂತ ಮೇಲೆ ಬೆಟ್ಟದಿಂದ ಬಯಲಿಗೆ ಇಳಿಯುತ್ತದೆ. ಅದರ ಹೆಸರು ಹೊರಳಿ. ಮೊದಲ ಕಾದಂಬರಿಗೆ ಕೈಹಾಕಿ, ಅದರಲ್ಲೂ ಎಲ್ಲಿಯೂ ಇಲ್ಲದ ನಾಡಿನ ಕಥೆ ಬರೆಯಲು ಕೂತಾಗ ನನ್ನ ಬಳಿ ಇದ್ದದ್ದು ಈ ಹೊಳೆಯೊಂದೇ. ರಾಜನಿರಲಿಲ್ಲ, ಯುದ್ಧವಿರಲಿಲ್ಲ, ಕಳೆದುಹೋದ ಖಡ್ಗವೂ ಇರಲಿಲ್ಲ.

ಹೊಳೆ ಹೀಗೆ ನಡೆದುಕೊಂಡರೆ ಅದರ ದಂಡೆಯ ಜನ ಹೇಗೆ ಬಾಳುತ್ತಾರೆ? ಈ ಒಂದು ಪ್ರಶ್ನೆಯ ಬೆನ್ನು ಬಿಡದಿದ್ದರೆ ನಾಡು ತಾನಾಗಿ ಎದ್ದು ಬರುತ್ತದೆ ಎಂದು ನಾನು ನಂಬಿದ್ದೇನೆ. ದಂಡೆಯಿಂದಲೇ ಶುರುಮಾಡೋಣ. ನಮ್ಮಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ, ಬಲದಂಡೆ ಕಾಲುವೆ ಅನ್ನುತ್ತೇವೆ. ನೀರು ಹೋಗುವ ಕಡೆಗೆ ಮುಖ ಮಾಡಿ ನಿಂತರೆ ಎಡಗೈಗೆ ಸಿಗುವುದು ಎಡದಂಡೆ. ಹೊರಳಿಯಲ್ಲಿ ಆ ಮಾತು ನಡೆಯುವುದಿಲ್ಲ, ಆರು ತಿಂಗಳಿಗೊಮ್ಮೆ ಎಡ ಬಲವಾಗುತ್ತದೆ. ಹಾಗಾಗಿ ಅಲ್ಲಿಯವರು ಮೂಡಣ ದಂಡೆ, ಪಡುವಣ ದಂಡೆ ಅನ್ನುತ್ತಾರೆ. ದೋಣಿಯ ಬಾಡಿಗೆಯೂ ಕಾಲಕ್ಕೆ ತಕ್ಕಂತೆ: ಏರುನೀರಿನಲ್ಲಿ ಬೆಟ್ಟಕ್ಕೆ ಹೋಗುವುದು ಅಗ್ಗ, ಬಯಲಿಗೆ ಮರಳುವುದು ದುಬಾರಿ. ಬೆಟ್ಟದ ಬುಡಕ್ಕೆ ಕೊಟ್ಟ ಮಗಳು ತವರಿಗೆ ಬರಬೇಕಾದರೆ ಹೊಳೆ ಇಳಿಯಬೇಕು. ಬಯಲಿಗೆ ಕೊಟ್ಟವಳು ಅದು ಏರುವ ತನಕ ಕಾಯಬೇಕು. ಬಾಣಂತನ ಯಾವ ಮನೆಯಲ್ಲಿ ಅನ್ನುವುದನ್ನು ತಾಯಿಯೂ ಅತ್ತೆಯೂ ತೀರ್ಮಾನಿಸುವುದಿಲ್ಲ, ಹೊಳೆ ತೀರ್ಮಾನಿಸುತ್ತದೆ. ಸಾಲದ ಗಡುವಿಗೂ ಅದೇ ಲೆಕ್ಕ. ಹೊಳೆ ತಿರುಗುವಷ್ಟರಲ್ಲಿ ತೀರಿಸುತ್ತೇನೆ ಎಂದು ಮಾತು ಕೊಟ್ಟವರಿಗೆ ಈ ವರ್ಷ ಹೊಳೆ ಒಂದು ವಾರ ಮೊದಲೇ ತಿರುಗಿಬಿಟ್ಟರೆ? ನನ್ನ ಎರಡನೆಯ ಅಧ್ಯಾಯ ಹುಟ್ಟಿದ್ದು ಅಲ್ಲಿ.

ಇಂಥ ನೀರು ಭೂಮಿಯ ಮೇಲೆ ನಿಜವಾಗಿಯೂ ಇದೆ. ಕಾಂಬೋಡಿಯಾದ ಟೋನ್ಲೆ ಸಾಪ್ ನದಿ ಅದೇ ಹೆಸರಿನ ಸರೋವರದಿಂದ ಹೊರಟು ನಾಮ್ ಪೆನ್ ನಗರದ ಬಳಿ ಮೆಕಾಂಗ್ ನದಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ಉಕ್ಕುತ್ತದೆಂದರೆ, ಆ ನೀರು ಟೋನ್ಲೆ ಸಾಪ್‌ನ ಒಳಗೆ ನುಗ್ಗಿ ಅದನ್ನು ಹಿಂದಕ್ಕೆ ಹರಿಸುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಆಗ ಐದಾರು ಪಟ್ಟು ಹಿಗ್ಗುತ್ತದೆ. ದಡದ ಕಾಡು ಮುಳುಗುತ್ತದೆ, ಮುಳುಗಿದ ಮರಗಳ ನಡುವೆ ಮೀನು ಮರಿ ಮಾಡುತ್ತದೆ. ಎತ್ತರದ ಕಂಬಗಳ ಮೇಲೆ ನಿಂತ ಮನೆಗಳುಂಟು, ನೀರಿನ ಜೊತೆ ಜಾಗ ಬದಲಿಸುವ ತೇಲುವ ಊರುಗಳೂ ಉಂಟು. ಮಳೆ ಮುಗಿದು ನೀರು ಮತ್ತೆ ಸಮುದ್ರದ ಕಡೆ ತಿರುಗುವ ಹೊತ್ತಿಗೆ ಅಲ್ಲಿ ಬೋನ್ ಓಮ್ ತೂಕ್ ಎಂಬ ನೀರಿನ ಹಬ್ಬ, ದೋಣಿಗಳ ಪಂದ್ಯ. ನಿಜದಲ್ಲಿ ಇರುವುದನ್ನು ತೆಗೆದುಕೊಂಡರೆ ಅದು ಫ್ಯಾಂಟಸಿ ಹೇಗಾಗುತ್ತದೆ ಎಂದು ಗೆಳೆಯರು ಕೇಳಿದ್ದುಂಟು. ಅದ್ಭುತ ಎಲ್ಲಿಯೂ ಇಲ್ಲದ್ದೇ ಆಗಿರಬೇಕೆಂಬ ಹಟ ನನಗಿಲ್ಲ. ಅದನ್ನು ದಿನಾ ಅನುಭವಿಸುವವರ ಪಾಲಿಗೆ ಅದು ಅದ್ಭುತವಾಗಿ ಉಳಿಯದೆ ಬದುಕಾಗಿರಬೇಕು. ಟೋನ್ಲೆ ಸಾಪ್‌ನ ಮೀನುಗಾರ ನೀರು ತಿರುಗಿತೆಂದು ಬೆರಗಾಗಿ ನಿಲ್ಲುವುದಿಲ್ಲ, ಬಲೆ ಸರಿಮಾಡಿಕೊಳ್ಳುತ್ತಾನೆ. ನನ್ನ ಕಾದಂಬರಿಯಲ್ಲಿ ದೋಣಿ ನಡೆಸುವ ಹೊನ್ನಿಯೂ ಅಷ್ಟೇ.

ನಕ್ಷೆ ಬರೆದೆ, ಬಹಳ ಖುಷಿಯಿಂದ ಬರೆದೆ. ಈ ವಿಷಯದಲ್ಲಿ ನನಗೆ ಹಿರಿಯರ ಬೆಂಬಲವಿದೆ. ರಾಬರ್ಟ್ ಲೂಯಿ ಸ್ಟೀವನ್ಸನ್ 1881ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮರ್ ಎಂಬ ಊರಿನಲ್ಲಿದ್ದ. ಹೊರಗೆ ಮಳೆ, ಮನೆಯೊಳಗೆ ರಜೆಗೆ ಬಂದ ಮಲಮಗ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದ. ಅವನ ಜೊತೆ ಕೂತ ಸ್ಟೀವನ್ಸನ್ ಒಂದು ದ್ವೀಪದ ನಕ್ಷೆ ಬರೆದು ಬಣ್ಣ ತುಂಬಿದ. ಆ ಕಾಗದ ನೋಡುತ್ತ ನೋಡುತ್ತ ಅದರ ಕಾಡಿನ ಮರೆಯಿಂದ ಪಾತ್ರಗಳು ಇಣುಕಿದವು. ಅವನು ಬರೆದು ಮುಗಿಸಿದ ಮೊದಲ ಕಾದಂಬರಿ ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ್ದು ಹೀಗೆ. ಆಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ಪುಸ್ತಕಕ್ಕೆಂದು ಕಳುಹಿಸಿದ ಆ ಮೂಲ ನಕ್ಷೆ ಪ್ರಕಾಶಕರ ಕೈಸೇರಲೇ ಇಲ್ಲ. ಸ್ಟೀವನ್ಸನ್ ತನ್ನದೇ ಪುಸ್ತಕವನ್ನು ಮತ್ತೆ ಓದಿ, ಎಲ್ಲೆಲ್ಲಿ ಯಾವ ಗುಡ್ಡ, ಯಾವ ಕೊಲ್ಲಿ ಬಂದಿದೆಯೆಂದು ಪಟ್ಟಿ ಮಾಡಿಕೊಂಡು, ತಂದೆಯ ಕಚೇರಿಯಲ್ಲಿ ಕೈವಾರ ಹಿಡಿದು ಎರಡನೆಯ ನಕ್ಷೆ ತಯಾರಿಸಬೇಕಾಯಿತು. ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರಾಗಿದ್ದ ತಂದೆ ಕಡಲ್ಗಳ್ಳ ಫ್ಲಿಂಟನ ಸಹಿಯನ್ನು ತಾವೇ ಹಾಕಿಕೊಟ್ಟರು. ಅಷ್ಟಾದರೂ ಆ ಎರಡನೆಯದು ತನ್ನ ಪಾಲಿಗೆ ಟ್ರೆಷರ್ ಐಲ್ಯಾಂಡ್ ಆಗಲೇ ಇಲ್ಲ ಎಂದು ಸ್ಟೀವನ್ಸನ್ ಬರೆದುಕೊಂಡಿದ್ದಾನೆ. ಕಥೆಯನ್ನು ಹಡೆದ ನಕ್ಷೆಗೂ ಕಥೆಯಿಂದ ಅಳೆದು ತೆಗೆದ ನಕ್ಷೆಗೂ ಇರುವ ಈ ವ್ಯತ್ಯಾಸವನ್ನು ಓದಿದ ದಿನದಿಂದ ನನ್ನ ಮೊದಲ ಹಾಳೆಯನ್ನು ನಾನು ತಿದ್ದಲು ಹೋಗಿಲ್ಲ. ಮುಂದೆ ಗೊತ್ತಾದದ್ದನ್ನೆಲ್ಲ ಬೇರೆ ಹಾಳೆಗಳಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಆರ್.ಕೆ. ನಾರಾಯಣ್ ಅವರಿಗೆ ನಕ್ಷೆಯೂ ಬೇಕಾಗಲಿಲ್ಲ. 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಮೊದಲ ಕಾದಂಬರಿ ಬರೆಯಲು ಕೂತವರ ಕಣ್ಣಮುಂದೆ ಪುಟ್ಟ ರೈಲು ನಿಲ್ದಾಣವೊಂದು ಬಂದು ನಿಂತಿತು. ಮಾಲ್ಗುಡಿ ಬೆಳೆದದ್ದು ಆ ನಿಲ್ದಾಣದ ಸುತ್ತ.

ನಕ್ಷೆ ದೂರವನ್ನು ಹೇಳುತ್ತದೆ. ಊಟದ ತಟ್ಟೆಯಲ್ಲಿ ಏನಿದೆಯೆಂದು ಹೇಳುವುದಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ್ದು. ನಮ್ಮ ನೆಲಕ್ಕೆ ಅದು ಬಂದದ್ದು ಪೋರ್ಚುಗೀಸರ ಹಡಗುಗಳ ಕಾಲದಲ್ಲಿ. ಪೋರ್ಚುಗೀಸರೇ ಇಲ್ಲದ ನಾಡಿನಲ್ಲಿ ಹೊನ್ನಿ ಮೀನಿನ ಸಾರಿಗೆ ಒಣಮೆಣಸಿನಕಾಯಿ ಹಾಕಿದರೆ ನನಗೆ ಸಮಾಧಾನವಿಲ್ಲ. ಇದು ಅತಿ ಎಂದು ಯಾರಾದರೂ ಅಂದಾರು. ಟೋಲ್ಕಿನ್‌ಗೂ ಈ ಕಾಟವಿತ್ತು. 1937ರ ‘ಹಾಬಿಟ್’ನಲ್ಲಿ ಗ್ಯಾಂಡಾಲ್ಫ್ ತಣ್ಣನೆಯ ಕೋಳಿಮಾಂಸದ ಜೊತೆಗೆ ಟೊಮೆಟೊ ಕೇಳುತ್ತಾನೆ. 1966ರ ಪರಿಷ್ಕೃತ ಮುದ್ರಣದಲ್ಲಿ ಟೊಮೆಟೊ ಹೋಗಿ ಉಪ್ಪಿನಕಾಯಿ ಬಂತು. ಪುಸ್ತಕ ಬಂದು ಹೆಚ್ಚುಕಡಿಮೆ ಮೂವತ್ತು ವರ್ಷವಾದ ಮೇಲೆ ಒಂದು ಹಣ್ಣನ್ನು ಹಿಂದಕ್ಕೆ ತೆಗೆದುಕೊಂಡ ಆ ಶ್ರದ್ಧೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹೊನ್ನಿಯ ಸಾರಿಗೆ ಈಗ ಕಾಳುಮೆಣಸಿನ ಖಾರ, ಮುರುಗಲಿನ ಹುಳಿ. ಎರಡೂ ನಮ್ಮ ಘಟ್ಟದಲ್ಲೇ ಹುಟ್ಟಿದವು.

ಹೆಸರುಗಳ ವಿಷಯವೂ ಹೀಗೆಯೇ. ಪಾತ್ರಕ್ಕೆ ಬಸವ ಎಂದು ಹೆಸರಿಟ್ಟರೆ ಅವನ ಹಿಂದೆ ಶಿವ ಬರುತ್ತಾನೆ, ರಾಮ ಎಂದರೆ ಅಯೋಧ್ಯೆಯೇ ಬರುತ್ತದೆ. ಆ ದೇವರುಗಳಿನ್ನೂ ಕಾಲಿಡದ ನೆಲದಲ್ಲಿ ಬಣ್ಣ, ಲೋಹ, ಮುದ್ದು ಇವುಗಳಿಂದ ಬಂದ ಹೆಸರುಗಳೇ ಸರಿ ಅನ್ನಿಸಿತು: ಹೊನ್ನಿ, ಕೆಂಚ, ಕರಿಯ, ಮುದ್ದ. ಇವೆಲ್ಲ ನಮ್ಮ ಹಳ್ಳಿಗಳಲ್ಲಿ ಬಾಳಿದ ಹೆಸರುಗಳು, ಬಾಯಿಗೆ ಹಗುರ.

ಆದರೆ ಕನ್ನಡದಲ್ಲಿ ಬರೆಯುವವರ ನಿಜವಾದ ಪರೀಕ್ಷೆ ಇರುವುದು ಪಾತ್ರಗಳು ಬಾಯಿಬಿಟ್ಟ ಮೇಲೆ. ಇಲ್ಲದ ನಾಡಿನವರು ಯಾವ ಸೀಮೆಯ ಕನ್ನಡ ಆಡಬೇಕು? ಧಾರವಾಡದ್ದು ಕೊಟ್ಟರೆ ಓದುಗರು ಧಾರವಾಡಕ್ಕೇ ಹೋಗಿ ಇಳಿಯುತ್ತಾರೆ. ಮಂಡ್ಯದ್ದು ಕೊಟ್ಟರೆ ಕಬ್ಬಿನಗದ್ದೆ ಕಾಣುತ್ತದೆ. ಗ್ರಾಂಥಿಕ ಮಾಡಿದರೆ ಹೊಳೆಯ ದಂಡೆಯ ಮೇಲೆ ಕಂಪನಿ ನಾಟಕದ ಪರದೆ ಬೀಳುತ್ತದೆ. ನಾನು ಹಿಡಿದದ್ದು ಇನ್ನೊಂದು ದಾರಿ. ಯಾವ ಜಿಲ್ಲೆಯ ಉಚ್ಚಾರಣೆಯನ್ನೂ ತರದೆ, ವಾಕ್ಯದ ನಡಿಗೆಯಲ್ಲೇ ಊರು ತಿಳಿಯಬೇಕು. ಬಯಲಿನವರು ಕೆಲಸದ ಮಾತನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಹೇಳುತ್ತಾರೆ. ಬೆಟ್ಟದವರು ಕಾರಣವನ್ನು ಸುತ್ತಿ ಸುತ್ತಿ ಹೇಳಿ ಕೆಲಸವನ್ನು ಕೇಳುವವರ ಊಹೆಗೆ ಬಿಡುತ್ತಾರೆ. ಇದನ್ನು ಹತ್ತು ಪುಟ ಬಿಡದೆ ನಡೆಸಿದರೆ, ಯಾರು ಆಡಿದರೆಂದು ಹೇಳದೆಯೂ ಓದುಗರಿಗೆ ಗೊತ್ತಾಗುತ್ತದೆ.

ನೀನು, ನೀವುಗಳನ್ನು ಮಾತ್ರ ಇಷ್ಟು ಸುಲಭದಲ್ಲಿ ದಾಟಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಮೊದಲ ಮಾತು ಆಡುವ ಮುಂಚೆಯೇ ಯಾರು ಯಾರಿಗೆ ತಲೆಬಾಗುತ್ತಾರೆ ಎಂಬುದು ನಿಶ್ಚಯವಾಗಿರಬೇಕು. ಆ ನಿಶ್ಚಯದ ಹಿಂದೆ ಭೂಮಿ ಯಾರದ್ದು, ದೋಣಿ ಯಾರದ್ದು, ವಯಸ್ಸಿಗೆ ಎಷ್ಟು ಬೆಲೆ, ಹೆಣ್ಣಿಗೆ ಎಷ್ಟು ಬೆಲೆ ಎಂಬುದೆಲ್ಲ ಇರುತ್ತದೆ. ನನ್ನ ನಾಡಿಗೆ ನಾನು ಕೊಟ್ಟ ಕಟ್ಟಳೆ ಇದು: ದೋಣಿ ನೀರಿನಲ್ಲಿರುವ ತನಕ ಅಂಬಿಗಿತ್ತಿಗೆ ಎಲ್ಲರೂ ನೀವು ಅನ್ನಬೇಕು, ಊರಗೌಡನೂ ಸೇರಿ. ಕಾಲು ನೆಲಕ್ಕೆ ತಾಗಿದ ಕ್ಷಣದಿಂದ ಅವಳು ಮತ್ತೆ ನೀನು. ಇದನ್ನು ಬರೆದುಕೊಂಡ ಸಂಜೆಯೇ ಒಂದು ಪ್ರಸಂಗ ಕೈಗೆ ಬಂತು. ಸಾಲ ವಸೂಲಿಗೆ ಹೊರಟ ಗೌಡನ ಆಳು ನಡುಹೊಳೆಯಲ್ಲಿ ಹೊನ್ನಿಗೆ ನೀನು ಅನ್ನುತ್ತಾನೆ. ಹೊನ್ನಿ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾಳೆ. ಬಯ್ಯುವುದಿಲ್ಲ, ಸುಮ್ಮನೆ ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಾಳೆ. ದೋಣಿ ತಿರುಗುತ್ತ ಹಿಂದಕ್ಕೆ ಹೋಗುತ್ತದೆ. ಅವನಿಗೆ ಹೊತ್ತಾಗುತ್ತಿದೆ. ದೋಣಿಯಲ್ಲಿದ್ದ ಉಳಿದವರು ಅವನ ಮುಖ ನೋಡುತ್ತಾರೆ. ಕೊನೆಗೆ ಅವನ ಬಾಯಿಂದ ನೀವು ಹೊರಟಾಗ ಹುಟ್ಟು ಮತ್ತೆ ನೀರಿಗೆ ಬೀಳುತ್ತದೆ. ದಡ ಮುಟ್ಟಿದ ಮೇಲೆ ಅವನು ಏನು ಮಾಡುತ್ತಾನೆ ಎಂಬುದು ಕಥೆಯ ಬೆನ್ನೆಲುಬಾಯಿತು.

ಮಾತಿನಿಂದಲೇ ಲೋಕ ನಿಲ್ಲಿಸುವ ಈ ವಿದ್ಯೆಗೆ ನಮ್ಮ ಕರಾವಳಿಯ ತಾಳಮದ್ದಳೆಗಿಂತ ದೊಡ್ಡ ಪಾಠಶಾಲೆ ನನಗೆ ಗೊತ್ತಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಶಾಲು ಹೊದ್ದ ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಆ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವಂಥದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬಾಯಿಬಿಟ್ಟರೆ ಪ್ಲಾಸ್ಟಿಕ್ ಕುರ್ಚಿಗಳ ಸಭೆ ಕಿಷ್ಕಿಂಧೆಯಾಗುತ್ತಿತ್ತು. ಎದುರಿನವನ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಇಕ್ಕಟ್ಟಿನಲ್ಲಿ ಅರ್ಥಧಾರಿ ತನ್ನ ಪಾತ್ರದ ಕುಲ, ನ್ಯಾಯ, ಹಳೆಯ ಋಣ ಎಲ್ಲವನ್ನೂ ಹೊರಗೆ ತೆಗೆಯುತ್ತಾನೆ. ನಾನೂ ಅಧ್ಯಾಯ ಮುಂದೆ ಹೋಗದಿದ್ದಾಗ ಇಬ್ಬರನ್ನು ಎದುರು ಕೂರಿಸಿ ವಾದಕ್ಕೆ ಬಿಡುತ್ತೇನೆ. ಟಿಪ್ಪಣಿಯಲ್ಲಿ ಇಲ್ಲದ್ದು ವಾದದಲ್ಲಿ ಸಿಗುತ್ತದೆ.

ಮಾಯೆ ಸಿಕ್ಕಿದ್ದೂ ಒಂದು ಜಗಳದಲ್ಲಿ. ನೆರೆ ಇಳಿದ ಮೇಲೆ ಹೊರಳಿಯ ದಂಡೆಯಲ್ಲಿ ಹೊಸ ಮೆಕ್ಕಲು ಬೀಳುತ್ತದೆ, ಬದುಗಳು ಅಳಿಸಿಹೋಗಿರುತ್ತವೆ. ಯಾವ ಹೊಲ ಯಾರದ್ದು? ಕೆಂಚನೂ ಕರಿಯನೂ ಬಡಿದಾಡುವ ಹಂತಕ್ಕೆ ಬಂದಾಗ ಯಾರೋ ಒಬ್ಬ ಬಂದು ಕಡತ ಬಿಚ್ಚಬೇಕಾಯಿತು. ಕಡತವೆಂದರೆ ಕಚೇರಿಯ ಫೈಲೆಂದೇ ಈಗ ಎಲ್ಲರೂ ತಿಳಿಯುತ್ತಾರೆ. ಮೊದಲಿಗೆ ಅದೊಂದು ಬಟ್ಟೆ. ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಅದು ಕಪ್ಪಗೆ, ಗಡುಸಾಗಿ ಹಲಗೆಯಂತೆ ನಿಲ್ಲುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಿಳಿ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ, ಜಮೀನು, ಕೊಡುಕೊಳ್ಳುವಿಕೆ ಎಲ್ಲ ಅದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳ ದೊಡ್ಡ ಸಂಗ್ರಹವಿದೆ. ಬಳಪದ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ನನ್ನ ನಾಡಿನ ಮಾಯೆಯೆಲ್ಲ ಆ ಒರೆಸುವಿಕೆಯಲ್ಲಿದೆ. ಕಡತದಿಂದ ಒಂದು ಹೊಲವನ್ನು ಒರೆಸಿದರೆ ಅದು ಊರವರ ನೆನಪಿನಿಂದಲೂ ಹೋಗುತ್ತದೆ. ಅದನ್ನು ಉಳುತ್ತಿದ್ದವನಿಗೆ ತನ್ನ ಕೈ ಯಾಕೆ ಒರಟಾಗಿದೆ ಎಂದು ತಿಳಿಯುವುದಿಲ್ಲ. ಬೆಂಕಿಯುಗುಳುವ ಪ್ರಾಣಿಗಿಂತ ಈ ಕಡತದವನಿಗೆ ನಾನು ಹೆಚ್ಚು ಹೆದರುತ್ತೇನೆ, ಅವನ ಶಕ್ತಿಗೆ ಸರಿಹೊಂದುವ ಮಿತಿಗಳನ್ನು ಅಷ್ಟೇ ಎಚ್ಚರದಿಂದ ಇಟ್ಟಿದ್ದೇನೆ. ತನ್ನ ಹೆಸರಿನಲ್ಲಿ ಅವನು ಏನನ್ನೂ ಬರೆದುಕೊಳ್ಳುವಂತಿಲ್ಲ. ಒರೆಸಿದ್ದು ಅವನೊಬ್ಬನಿಗೆ ಮಾತ್ರ ನೆನಪಿರುತ್ತದೆ.

ಲೋಕವನ್ನು ಮುಂಚೆಯೇ ಪೂರ್ತಿ ಕಟ್ಟಿಟ್ಟುಕೊಂಡು ಆಮೇಲೆ ಕಥೆ ಬರೆಯಬೇಕೆಂದು ಹೇಳುವವರಿದ್ದಾರೆ. ಅವರು ಟೋಲ್ಕಿನ್ ಹೆಸರನ್ನೇ ಮುಂದೆ ಮಾಡುತ್ತಾರೆ. ಭಾಷೆಗಳು, ವಂಶಾವಳಿಗಳು, ಸೃಷ್ಟಿಯ ಕಥೆ ಎಲ್ಲವೂ ಟೋಲ್ಕಿನ್ ಬಳಿ ಇದ್ದದ್ದು ನಿಜ. 1937ರ ಕೊನೆಯಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಶುರುಮಾಡುವ ಹೊತ್ತಿಗೆ ಇಪ್ಪತ್ತು ವರ್ಷಗಳ ಆ ದುಡಿಮೆ ಬೆನ್ನ ಹಿಂದಿತ್ತು. ಆದರೂ ಬ್ರೀ ಎಂಬ ಊರಿನ ಹೋಟೆಲಿನ ಮೂಲೆಯಲ್ಲಿ ಕೂತ ಅಪರಿಚಿತ ಯಾರೆಂದು ಬರೆಯುವ ಅವರಿಗೇ ಗೊತ್ತಿರಲಿಲ್ಲ. ಮೊದಲ ಕರಡುಗಳಲ್ಲಿ ಅವನು ಟ್ರಾಟರ್ ಎಂಬ ಹೆಸರಿನ, ಮರದ ಪಾದರಕ್ಷೆ ತೊಟ್ಟ ಒಬ್ಬ ಹಾಬಿಟ್. ಕರಡಿನ ಮೇಲೆ ಕರಡು ಬರೆಯುತ್ತ ಹೋದಂತೆ ಅವನು ಮನುಷ್ಯನಾದ, ಕೊನೆಗೆ ಸಿಂಹಾಸನದ ಹಕ್ಕುದಾರ ಆರಗಾರ್ನ್ ಆದ. ಪುಸ್ತಕ ಹೊರಬಂದದ್ದು 1954–55ರಲ್ಲಿ. ಆ ಮರದ ಚಪ್ಪಲಿಯವನು ಕರಡಿನಲ್ಲಿ ಕಾಲಿಡದಿದ್ದರೆ ಆ ರಾಜನೂ ಇರುತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ, ಕರೆಯದೆ ಬಂದ ಪಾತ್ರಕ್ಕೆ ಕೂರಲು ಜಾಗ ಕೊಡಬೇಕು ಅನ್ನಿಸುತ್ತದೆ.

ನನ್ನ ಕರಡಿನಲ್ಲೂ ಹಾಗೆ ಬಂದ ಒಬ್ಬ ಮುದುಕಿ ಇದ್ದಾಳೆ. ಮೂರನೆಯ ಅಧ್ಯಾಯದಲ್ಲಿ ಹೊನ್ನಿಯ ದೋಣಿಗೆ ಒಂದು ಬುಟ್ಟಿ ಬಾತುಕೋಳಿಯ ಮೊಟ್ಟೆ ಹೊತ್ತು ಹತ್ತಿದವಳು, ಒಂದೇ ಮಾತು ಆಡಿ ಇಳಿದುಹೋಗಬೇಕಿತ್ತು. ಏಳನೆಯ ಅಧ್ಯಾಯದಲ್ಲಿ ಅವಳು ಕಡತದವನ ಜಗಲಿಗೆ ಬಂದು ಕೂತಿದ್ದಾಳೆ. ಪಡುವಣ ದಂಡೆಯಲ್ಲಿ ಅವಳಿಗೊಂದು ತುಂಡು ನೆಲ ಬೇಕು. ಅದು ಬೇಸಿಗೆಯಲ್ಲಿ ಮಾತ್ರ ನೆಲ, ಮಳೆಗಾಲದಲ್ಲಿ ಅದರ ಮೇಲೆ ಎರಡಾಳು ನೀರು. ನೆಲ ನನ್ನದಾದರೆ ಅದರ ಮೇಲಿನ ನೀರು, ನೀರಿನೊಳಗಿನ ಮೀನು ನನ್ನದೋ ಅಲ್ಲವೋ ಎಂದು ಕೇಳುತ್ತಾಳೆ. ಹೌದೆಂದರೆ ಊರಿನ ಬಲೆಗಳೆಲ್ಲ ಅವಳಿಗೆ ಬಾಡಿಗೆ ಕೊಡಬೇಕಾಗುತ್ತದೆ. ಅಲ್ಲವೆಂದರೆ ಗೌಡ ಇಷ್ಟು ವರ್ಷ ನೀರಿನ ಮೇಲೆ ವಸೂಲಿ ಮಾಡಿದ ಕಂದಾಯವೆಲ್ಲ ಸುಳ್ಳಾಗುತ್ತದೆ. ಕಡತದವನು ಬಳಪ ಕೈಗೆತ್ತಿಕೊಂಡಿದ್ದಾನೆ, ಅವನ ಬಾಯಲ್ಲಿ ಉತ್ತರವಿಲ್ಲ. ಈ ವಾರ ನಾನು ಅದನ್ನು ಹುಡುಕುತ್ತಿದ್ದೇನೆ. ಮೊದಲು ಮುದುಕಿಯ ವಾದವನ್ನು ಬರೆಯಬೇಕು, ಆಮೇಲೆ ಗೌಡನದು.