ಅಪ್ಪನ ಮೀಟರು

ನಮ್ಮ ತಂದೆಯವರು ಕಾರು ನಡೆಸಲು ಕಲಿತದ್ದು ೧೯೯೮ರಲ್ಲಿ, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಮೂವತ್ತು ವರ್ಷ ಸೈಕಲ್ಲಿನ ಮೇಲೆ ಹೈಸ್ಕೂಲಿಗೆ ಹೋಗಿ ಲೆಕ್ಕ ಹೇಳಿಕೊಟ್ಟು ಬಂದವರು ಅವರು. ಲೆಕ್ಕದ ಮೇಷ್ಟ್ರ ಕೈಗೆ ಕಾರು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಯಾವ ದಿನ ಎಷ್ಟು ಪೆಟ್ರೋಲು ಹಾಕಿಸಿದ್ದು, ಲೀಟರಿಗೆ ಎಷ್ಟು ದೂರ ಓಡಿದ್ದು, ಮೈಸೂರಿನಿಂದ ನಂಜನಗೂಡಿಗೆ ಎಷ್ಟು ನಿಮಿಷ, ಎಲ್ಲವೂ ಒಂದು ಕಾಪಿ ಪುಸ್ತಕದಲ್ಲಿ ದಾಖಲಾಗತೊಡಗಿತು. ಆಗಿನದು ಯಾರೋ ಓಡಿಸಿ ಬಿಟ್ಟಿದ್ದ ಮಾರುತಿ ೮೦೦. ಅದು ಹೋಗಿ ೨೦೧೪ರಲ್ಲಿ ಈಗಿನ ಕಾರು ಬಂತು. ಕಾರು ಎರಡನೆಯದಾದರೆ ಕಾಪಿ ಪುಸ್ತಕ ನಾಲ್ಕನೆಯದಾಗಿತ್ತು.

೨೦೨೩ರ ಜನವರಿಯಲ್ಲಿ ಒಂದು ಸಂಜೆ ಅವರು ಹೊರಗಿನಿಂದ ಬಂದು, ಕೀಲಿಯನ್ನು ಮೊಳೆಗೆ ತಗುಲಿಸುತ್ತ, "ಆ ಮೀಟರಿನ ದೀಪ ಕೆಟ್ಟಿದೆ ಕಣೋ, ಅಂಕಿ ಕಾಣಿಸೋದೇ ಇಲ್ಲ. ಸ್ವಲ್ಪ ನೋಡು" ಅಂದರು.

ನೋಡಿದೆ. ದೀಪ ನೆಟ್ಟಗೇ ಇತ್ತು. ಅಂಕಿಗಳು ನನಗೆ ಚೆನ್ನಾಗಿಯೇ ಕಾಣುತ್ತಿದ್ದವು. ಒಳಗೆ ಹೋಗಿ ಅವರಿಗೆ ಹೇಳಬೇಕಾಗಿದ್ದ ಮಾತು ಒಂದೇ ವಾಕ್ಯದ್ದು. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರ ಲೈಸೆನ್ಸು ಆ ವರ್ಷದ ಆಗಸ್ಟಿನಲ್ಲಿ ಮುಗಿಯುವುದಿತ್ತು. ಐವತ್ತೈದು ದಾಟಿದವರು ಐದು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಿಕೊಳ್ಳಬೇಕು. ಆ ಮಾತನ್ನು ಸರ್ಕಾರವೇ ಹೇಳಲಿ ಎಂದು ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಧೈರ್ಯವಿಲ್ಲದವನು ಏನು ಮಾಡುತ್ತಾನೆ? ಸ್ಕ್ರೂಡ್ರೈವರು ಹುಡುಕುತ್ತಾನೆ. "ದೀಪ ಹಳೆಯದಾಗಿದೆ ಅಪ್ಪ, ಅದಕ್ಕಿಂತ ದೊಡ್ಡ ಮೀಟರೇ ಮಾಡಿಕೊಡ್ತೀನಿ" ಎಂದುಬಿಟ್ಟೆ.

ನಾನು ಎಂಜಿನಿಯರಲ್ಲ, ಬ್ಯಾಂಕಿನ ನೌಕರ. ನನ್ನ ಭರವಸೆಯೆಲ್ಲ ಮಗಳ ಮೇಜಿನ ಖಾನೆಯ ಮೇಲೆ ನಿಂತಿತ್ತು. ಅವಳ ಕಾಲೇಜಿನ ಪ್ರಾಜೆಕ್ಟು ಮುಗಿದ ಮೇಲೆ ಅನಾಥವಾಗಿ ಅಲ್ಲಿ ಬಿದ್ದಿದ್ದ ಪುಟ್ಟ ಕಂಪ್ಯೂಟರೊಂದಿತ್ತು. ರಾಸ್ಪ್‌ಬೆರಿ ಪೈ ಎಂದು ಅದರ ಹೆಸರು. ಅಗಲ ಇಸ್ಪೀಟಿನ ಎಲೆಯಷ್ಟು. ಶಾಲೆಯ ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರಿನ ವಿದ್ಯೆ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನವರು ಮಾಡಿದ್ದು. ಮೊದಲು ಮಾರಾಟಕ್ಕೆ ಬಂದದ್ದು ೨೦೧೨ರ ಫೆಬ್ರವರಿ ೨೯ರಂದು. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹುಟ್ಟಿದ ದಿನ ಬರುವ ಕಂಪ್ಯೂಟರು ಎಂದು ಕೇಳಿ ಅಪ್ಪನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ಏಳು ಅಂಗುಲದ ಪರದೆಯೊಂದನ್ನು ಕೊಂಡು ತಂದೆ.

ಇನ್ನು, ಕಾರಿನ ಒಳಗಿನ ಸುದ್ದಿ ಈ ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಓದುಗರಲ್ಲಿ ಕಾರಿರುವವರು ಬಗ್ಗಿ ನೋಡಬಹುದು: ಸ್ಟಿಯರಿಂಗಿನ ಕೆಳಗೆ, ಮೊಣಕಾಲು ತಗಲುವ ಜಾಗದಲ್ಲಿ, ಹದಿನಾರು ಪಿನ್ನಿನ ಒಂದು ಸಾಕೆಟ್ಟು ಇರುತ್ತದೆ. ಅಮೆರಿಕದಲ್ಲಿ ೧೯೯೬ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು; ನಮ್ಮ ದೇಶದಲ್ಲಿ ಅದೇ ಬಗೆಯ ಏರ್ಪಾಡು ೨೦೧೩ರ ಹೊತ್ತಿಗೆ ಬಂತು. ಹೊಗೆ ಹೆಚ್ಚಾದರೆ ಎಂಜಿನ್ನಿನ ಯಾವ ಅಂಗ ಹದಗೆಟ್ಟಿದೆಯೆಂದು ಮೆಕ್ಯಾನಿಕ್ಕಿಗೆ ತಿಳಿಯಲಿ ಎಂಬುದು ಮೂಲ ಉದ್ದೇಶ. ಬೆಂಕಿಪೊಟ್ಟಣದಷ್ಟು ದೊಡ್ಡ ಅಡಾಪ್ಟರನ್ನು ಅದಕ್ಕೆ ಚುಚ್ಚಿದರೆ ಅದು ಕಾರನ್ನು ಕೇಳಿದ್ದನ್ನು ಬ್ಲೂಟೂತಿನ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಕಾರು ತಾನಾಗಿ ಏನನ್ನೂ ಹೇಳುವುದಿಲ್ಲ. "ವೇಗ ಎಷ್ಟು?" ಎಂದು ಕೇಳಬೇಕು, ಉತ್ತರ ಬರುತ್ತದೆ. ಮತ್ತೆ ಕೇಳಬೇಕು, ಮತ್ತೆ ಬರುತ್ತದೆ. "ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ" ಎಂದು ಅಪ್ಪ ಅದನ್ನು ಗುರುತಿಸಿದರು.

ಆ ಉತ್ತರಗಳ ರೀತಿಯನ್ನು ವಿವರಿಸಲು ಹೋದಾಗಲೇ ಅವರು ಈ ಕೆಲಸದಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಎಳೆದುಕೊಂಡು ಕೂತದ್ದು. ವೇಗವೇನೋ ನೇರವಾಗಿ ಬರುತ್ತದೆ, ಸೊನ್ನೆಯಿಂದ ೨೫೫ರ ತನಕ. ಎಂಜಿನ್ನಿನ ಸುತ್ತು ಹಾಗಲ್ಲ. ಎರಡು ಸಂಖ್ಯೆಯಾಗಿ ಬರುತ್ತದೆ. ಮೊದಲನೆಯದನ್ನು ೨೫೬ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ಬಂದದ್ದನ್ನು ನಾಲ್ಕರಿಂದ ಭಾಗಿಸಬೇಕು. ಕಾರನ್ನು ನಿಂತಲ್ಲೇ ಚಾಲೂ ಮಾಡಿದೆ. ೧೨, ೧೨೮ ಎಂದು ಬಂತು. ನಾನು ಫೋನಿನಲ್ಲಿ ಕ್ಯಾಲ್ಕುಲೇಟರು ತೆರೆಯುವಷ್ಟರಲ್ಲಿ, ಎಪ್ಪತ್ತೇಳು ವರ್ಷದ ಮೇಷ್ಟ್ರು ಕಣ್ಣು ಮುಚ್ಚಿ, "ನಿಮಿಷಕ್ಕೆ ಎಂಟುನೂರು ಸುತ್ತು" ಅಂದರು. ನಾಲ್ಕರಿಂದ ಭಾಗಿಸುವುದೇಕೆಂದು ಅವರೇ ಯೋಚಿಸಿ ಅವರೇ ಉತ್ತರಿಸಿದರು: ಕಾಲು ಸುತ್ತು ಕೂಡ ಲೆಕ್ಕ ತಪ್ಪಬಾರದು, ಅದಕ್ಕೆ. ಎಂಜಿನ್ನಿನ ಬಿಸಿಯನ್ನು ಕೇಳಿದರೆ ಬಂದ ಸಂಖ್ಯೆಯಿಂದ ೪೦ ಕಳೆಯಬೇಕು. ಚಳಿದೇಶಗಳಲ್ಲಿ ಸೊನ್ನೆಗಿಂತ ಕೆಳಗೆ ಹೋಗುವ ಉಷ್ಣವನ್ನು ಋಣಚಿಹ್ನೆಯಿಲ್ಲದೆ ಹೇಳುವ ಉಪಾಯ ಅದು. ಇದನ್ನು ಕೇಳಿದಾಗ ಅವರ ಮುಖ ಅರಳಿತು. "ಋಣ ನಲವತ್ತು ಅಂದ್ರೆ ಸೆಂಟಿಗ್ರೇಡೂ ಫ್ಯಾರನ್‌ಹೀಟೂ ಒಂದೇ ಆಗೋ ಜಾಗ. ಯಾರೋ ಲೆಕ್ಕ ಗೊತ್ತಿದ್ದೋನೇ ಮಾಡಿದಾನೆ ಬಿಡು" ಎಂದರು. ಅದು ನಿಜವೋ ಆಕಸ್ಮಿಕವೋ, ಆ ದಿನ ರಾತ್ರಿ ಅವರು ಎರಡು ಚಪಾತಿ ಹೆಚ್ಚಾಗಿ ತಿಂದರೆಂದು ಅಮ್ಮ ಹೇಳಿದಳು.

ಮನೆಯೊಳಗೆ ಜಾಣನಾಗಿದ್ದ ಕಂಪ್ಯೂಟರು ಕಾರಿನೊಳಗೆ ಹೋದೊಡನೆ ಮೂರ್ಛೆ ಬೀಳತೊಡಗಿತು. ಕೀಲಿ ತಿರುಗಿಸಿದಾಗ ಸ್ಟಾರ್ಟರು ಬ್ಯಾಟರಿಯ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ; ಹನ್ನೆರಡು ವೋಲ್ಟು ಒಂದು ಕ್ಷಣ ಹತ್ತಕ್ಕಿಂತ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಈ ಸುಕುಮಾರ ಒಮ್ಮೆ ಸತ್ತು ಹುಟ್ಟುತ್ತಾನೆ. ಇಳಿಯುವಾಗ ಇನ್ನೊಂದು ಸಂಕಟ. ಅಪ್ಪ ಕೀಲಿ ತೆಗೆದರೆ ಕರೆಂಟು ಹೋಯಿತು. ಕಂಪ್ಯೂಟರಿಗೋ ಮಲಗುವ ಮುನ್ನ ಬಾಗಿಲು ಹಾಕಿ ದೀಪ ಆರಿಸುವಷ್ಟು ಸಮಯ ಬೇಕು. ಎರಡು ಸಲ ಅದರ ನೆನಪಿನ ಕಾರ್ಡು ಹಾಳಾಯಿತು. ಕಾರ್ಡಿನ ಮೇಲೆ ಏನನ್ನೂ ಬರೆಯದೆ ಬರಿದೇ ಓದುವ ಹಾಗೆ ಕಟ್ಟುಮಾಡಬೇಕೆಂದು ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಹೇಳಿಕೊಟ್ಟ ಮೇಲೆ ಆ ಕಾಟ ತಪ್ಪಿತು. ನಮ್ಮಲ್ಲಿದ್ದ ಮಾದರಿಗೆ ಸ್ವಂತ ಗಡಿಯಾರವೂ ಇಲ್ಲ. ಹೀಗಾಗಿ ನಮ್ಮ ಕಾರಿನೊಳಗೆ ಎಷ್ಟೋ ದಿನ ಫೆಬ್ರವರಿ ಮುಗಿಯಲೇ ಇಲ್ಲ. ಕೊನೆಗೆ ತಾರೀಖನ್ನೇ ಪರದೆಯಿಂದ ತೆಗೆದೆ.

ಅದು ಎಚ್ಚರಗೊಳ್ಳಲು ಅರ್ಧ ನಿಮಿಷ ಬೇಕು. ಮೊದಮೊದಲು ಅಪ್ಪ ಕಾಯದೆ ಹೊರಟುಬಿಡುತ್ತಿದ್ದರು. ಬರಬರುತ್ತ, ಹುಡುಗರು ಸದ್ದು ನಿಲ್ಲಿಸುವ ತನಕ ಹಲಗೆಯ ಮುಂದೆ ನಿಂತಿರುವ ಮೇಷ್ಟ್ರ ಹಾಗೆ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಪರದೆ ಬೆಳಗುವ ತನಕ ಕೂತಿರುವುದನ್ನು ರೂಢಿ ಮಾಡಿಕೊಂಡರು.

ಪರದೆಯ ಮೇಲೆ ಎಲ್ಲ ಕನ್ನಡದಲ್ಲೇ ಇರಬೇಕೆಂದು ಅವರ ಕಟ್ಟಪ್ಪಣೆ. ನಾನು ಬಳಸಿದ ತಂತ್ರಾಂಶಕ್ಕೆ ಕನ್ನಡದ ಒತ್ತು ತಿಳಿಯದು. 'ಎಂಜಿನ್ನು' ಎಂದು ಬರೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಬಂದು ಕೂತಿತು. ಗುಣಿತದ ಚಿಹ್ನೆಗಳು ದಿಕ್ಕಿಗೊಂದಾದವು. "ಕಾಗುಣಿತಕ್ಕೆ ಸೊನ್ನೆ" ಎಂದು ಅಪ್ಪ ತೀರ್ಪು ಕೊಟ್ಟರು. ಪದಗಳನ್ನೆಲ್ಲ ಕಿತ್ತುಹಾಕಿ ಅಂಕಿಗಳನ್ನು ಮಾತ್ರ ಉಳಿಸಿದೆವು; ಅಂಕಿಗೆ ಒತ್ತೂ ಇಲ್ಲ, ಇಳಿಯೂ ಇಲ್ಲ. ದೊಡ್ಡದಾಗಿ ಕಾಣುವುದು ವೇಗ, ಮೂಲೆಯಲ್ಲಿ ಚಿಕ್ಕದು ಬಿಸಿ. ಕಪ್ಪು ಹಲಗೆ, ಬಿಳಿ ಅಂಕಿ, ಒಂದೊಂದೂ ಅಂಗೈಯಷ್ಟು. ಯುಗಾದಿಯ ದಿನ ಬೇವುಬೆಲ್ಲ ತಿಂದು ಎಲ್ಲರೂ ನಂಜನಗೂಡಿಗೆ ಹೊರಟೆವು. ಊರು ದಾಟಿ ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಅಮ್ಮ ಚೀರಿದಳು: "ಅಯ್ಯೋ ತೊಂಬತ್ತು! ಏನು ನಿಮಗೆ ವಯಸ್ಸು ತಿರುಗಿ ಬಂತೆ?" ಪರದೆಯ ಮೇಲೆ ಇದ್ದದ್ದು ೬೦. ನಮ್ಮ ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಬಾಲದ್ದೊಂದೇ. ಹಿಂದಿನ ಸೀಟಿನಿಂದ ಬಾಲ ಕಾಣುವುದಿಲ್ಲ. ದಾರಿಯುದ್ದಕ್ಕೂ ಇದೇ ವಾದ ನಡೆಯಿತು. ಇಂಗ್ಲಿಷ್ ಅಂಕಿಗೆ ಬದಲಾಯಿಸುವೆನೆಂದರೆ ಇಬ್ಬರೂ ಒಪ್ಪಲಿಲ್ಲ.

ಇನ್ನೊಂದು ಸೋಜಿಗ ಆ ದಿನವೇ ತಿಳಿಯಿತು. ನಮ್ಮ ಪರದೆ ೬೦ ಎನ್ನುವಾಗ ಕಾರಿನ ಹುಟ್ಟುಮೀಟರಿನ ಮುಳ್ಳು ೬೩ರ ಹತ್ತಿರ ನಿಂತಿರುತ್ತಿತ್ತು. ನನ್ನ ಕೆಲಸವೇ ಕೆಟ್ಟಿತೆಂದು ಗಾಬರಿಯಾದೆ. ಆಮೇಲೆ ಓದಿ ನೋಡಿದರೆ, ಅನೇಕ ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ ೩೯ನೆಯ ನಿಯಮವೊಂದಿದೆ: ವೇಗದ ಮೀಟರು ನಿಜಕ್ಕಿಂತ ಹೆಚ್ಚು ತೋರಿಸಬಹುದು, ಅದಕ್ಕೂ ಒಂದು ಮಿತಿ ಉಂಟು, ಕಡಿಮೆಯನ್ನು ಮಾತ್ರ ಎಂದಿಗೂ ತೋರಿಸಕೂಡದು. ಅದಕ್ಕೇ ಕಾರು ಮಾಡುವವರು ಒಂದಿಷ್ಟು ಹೆಚ್ಚಾಗಿಯೇ ತೋರಿಸಿ ಪಾರಾಗುತ್ತಾರೆ. ಅಪ್ಪ ಇದನ್ನು ಕೇಳಿ, "ಹಾಗಾದ್ರೆ ಇಷ್ಟು ವರ್ಷ ಗ್ರೇಸ್ ಮಾರ್ಕಿನಲ್ಲಿ ಓಡಿಸಿದೀನಿ" ಎಂದು ನಕ್ಕರು. ನಾನೂ ನಕ್ಕೆ. ಇಪ್ಪತ್ತು ದಿನ ಚೆನ್ನಾಗಿ ಕಳೆಯಿತು. ಅಪ್ಪನ ದೂರು ತೀರಿತ್ತು. ಸ್ನೇಹಿತರ ಮನೆಗೆ ಕಾರಿನಲ್ಲಿ ಹೋಗಿ ಅವರನ್ನೆಲ್ಲ ಹೊರಗೆ ಕರೆದು ಪರದೆ ತೋರಿಸಿ ಬರುತ್ತಿದ್ದರು. ನಾನು ಹೇಳದೆ ಬಿಟ್ಟ ಮಾತು ನನಗೇ ಮರೆತಂತಾಗಿತ್ತು.

ಏಪ್ರಿಲಿನ ಒಂದು ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಸರಸ್ವತೀಪುರಕ್ಕೆ ಹಿಂತಿರುಗುತ್ತಿದ್ದೆವು. ಅಪ್ಪ ನಡೆಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಎಡಗಡೆಯ ಅಡ್ಡರಸ್ತೆಯಿಂದ ಪೇಪರು ಹಾಕುವ ಹುಡುಗ ಸೈಕಲ್ಲಿನಲ್ಲಿ ಬರುತ್ತಿದ್ದ. ಆತುರವಿಲ್ಲ, ತನ್ನ ಪಾಡಿಗೆ ತುಳಿಯುತ್ತ ಬರುತ್ತಿದ್ದ. ಅಪ್ಪ ನಿಧಾನ ಮಾಡುವರೆಂದು ನಾನು ಸುಮ್ಮನಿದ್ದೆ. ಅವರು ನಿಧಾನ ಮಾಡಲಿಲ್ಲ. "ಅಪ್ಪಾ!" ಎಂದು ಕೂಗಿದೆ. ಅವರು ಬ್ರೇಕು ತುಳಿದರು. ಹುಡುಗ ಒಂದು ಕಾಲು ನೆಲಕ್ಕೂರಿ, ನಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ನಮ್ಮಿಬ್ಬರ ಮುಖ ನೋಡಿದ. ಜಾರಿದ ಪೇಪರುಗಳನ್ನು ಸರಿಮಾಡಿಕೊಂಡು ಹೋದ. ಬೈಯಲೂ ಇಲ್ಲ.

"ಎಲ್ಲಿಂದ ಬಂದ ಅವನು?" ಅಂದರು ಅಪ್ಪ.

"ಎಡಗಡೆಯಿಂದ. ಆಗಲೇ ಬರ್ತಾ ಇದ್ದನಲ್ಲಪ್ಪ, ನಾನು ಆ ಮರದ ಹತ್ತಿರದಿಂದಲೇ ನೋಡ್ತಿದ್ದೆ."

ಪರದೆಯ ಮೇಲೆ ಅಂಗೈಯಗಲದ ಸೊನ್ನೆಯೊಂದು ಬೆಳಗುತ್ತಿತ್ತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. "ಇಪ್ಪತ್ತನಾಲ್ಕರಲ್ಲಿ ಹೋಗ್ತಾ ಇದ್ದೆ. ಅದು ಸ್ಪಷ್ಟವಾಗಿ ಕಾಣಿಸ್ತು" ಅಂದರು. ಹಿಂದೆ ನಿಂತ ಆಟೋದವನು ಹಾರನ್ನು ಬಾರಿಸಿದ. ಅವರು ಇಳಿದು ಈ ಕಡೆ ಬಂದರು. ನಾನು ಆ ಕಡೆ ಹೋಗಿ ಕೂತೆ.

ಕಣ್ಣಿನ ವೈದ್ಯರ ಹತ್ತಿರವೂ ಒಂದು ಯಂತ್ರ ಇತ್ತು. ಬಿಳಿಯ ಬಟ್ಟಲಿನಂಥದರೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗೆಲ್ಲ ಗುಂಡಿ ಒತ್ತಬೇಕು. ನಾನು ಹೊರಗೆ ಕೂತು ಗುಂಡಿಯ ಸದ್ದು ಕೇಳುತ್ತಿದ್ದೆ. ಎಷ್ಟೋ ಹೊತ್ತು ಸದ್ದೇ ಇರುತ್ತಿರಲಿಲ್ಲ. ಅಚ್ಚಾಗಿ ಬಂದ ನಕ್ಷೆಯಲ್ಲಿ ನಡುವೆ ಬೆಳಕು, ಅಂಚಿನ ಸುತ್ತ ಕಪ್ಪು. ಗ್ಲಾಕೋಮ ಎಂದರು ವೈದ್ಯರು. ನೋವಿಲ್ಲದೆ ಬಂದು ಕಣ್ಣಿನ ನರವನ್ನು ಸವೆಸುವ ರೋಗ. ಬದಿಯ ನೋಟವನ್ನು ಮೊದಲು ತಿನ್ನುತ್ತದೆ. ಎದುರಿಗಿರುವುದು ಕಾಣುತ್ತಿರುವುದರಿಂದ ರೋಗಿಗೆ ತಿಳಿಯುವುದಿಲ್ಲ. ಹೋದ ನೋಟ ಹಿಂತಿರುಗದು. ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ಹನಿ ಹಾಕಬೇಕು. ಅಪ್ಪ ನಕ್ಷೆಯನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ನೋಡಿ, "ಇದು ಯಾವಾಗಿನಿಂದ ಇರಬಹುದು?" ಎಂದು ಕೇಳಿದರು. ವರ್ಷಗಳಿಂದ, ಎಂದು ಉತ್ತರ ಬಂತು. ಜನವರಿಯಲ್ಲೇ ಬಂದಿದ್ದರೆ ಏನಾದರೂ ಉಳಿಯುತ್ತಿತ್ತೆ ಎಂದು ನಾನು ಕೇಳಲಿಲ್ಲ. ಆ ಮೂರು ತಿಂಗಳು ನಾನು ಅಂಕಿಗಳನ್ನು ದೊಡ್ಡದು ಮಾಡುತ್ತಿದ್ದೆ.

ಆಗಸ್ಟು ಬಂತು. ಲೈಸೆನ್ಸಿನ ಅರ್ಜಿಯ ಜೊತೆ ಮೈಸ್ವಾಸ್ಥ್ಯದ ಒಂದು ಫಾರಂ ಇರುತ್ತದೆ. ಹಗಲು ಬೆಳಕಿನಲ್ಲಿ ಇಪ್ಪತ್ತೈದು ಮೀಟರು ದೂರದಿಂದ ಕಾರಿನ ನಂಬರು ಪ್ಲೇಟು ನಿಮಗೆ ಕಾಣುತ್ತದೆಯೆ ಎಂದು ಅದರಲ್ಲಿ ಒಂದು ಪ್ರಶ್ನೆ. ಅಪ್ಪ ಬೀದಿಗೆ ಹೋಗಿ ಹೆಜ್ಜೆ ಎಣಿಸಿ ನಿಂತು, ಎದುರುಮನೆಯ ಕಾರಿನ ನಂಬರನ್ನು ತಪ್ಪಿಲ್ಲದೆ ಓದಿ ಬಂದರು. "ಹೌದು ಅಂತ ಬರೆದರೆ ಸುಳ್ಳಾಗಲ್ಲ ನೋಡು" ಅಂದರು. ನಾನು ಏನು ಹೇಳುವೆನೆಂದು ಕಾದರು. ಜನವರಿಯಿಂದ ಗಂಟಲಲ್ಲಿದ್ದ ಆ ಒಂದು ವಾಕ್ಯ ಈಗಲೂ ನನ್ನ ಬಾಯಿಂದ ಹೊರಡಲಿಲ್ಲ. ಅವರೇ ಫಾರಮನ್ನು ಮಡಿಸಿ ಕಾಪಿ ಪುಸ್ತಕದೊಳಗಿಟ್ಟರು. ಕೊನೆಯ ಪುಟ ತೆಗೆದು, ಅಂದಿನ ತಾರೀಖು ಹಾಕಿ, ಇಪ್ಪತ್ತೈದು ವರ್ಷದ ಒಟ್ಟು ಕಿಲೋಮೀಟರು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಮೊತ್ತವನ್ನು ಮತ್ತೊಮ್ಮೆ ಕೂಡಿಸಿ ತಾಳೆ ನೋಡಿದ್ದೂ ಉಂಟು.

ಪರದೆಯನ್ನು ತೆಗೆದುಬಿಡಲೇ ಎಂದು ಕೇಳಿದೆ. ಬೇಡ, ಈ ಕಡೆ ತಿರುಗಿಸು ಅಂದರು. ಈಗ ಅದು ಎಡಗಡೆಯ ಸೀಟಿಗೆ ಮುಖಮಾಡಿ ನಿಂತಿದೆ. ಅರ್ಧ ನಿಮಿಷ ಆಗಿ ಅಂಕಿ ಬೆಳಗುವ ತನಕ ಗಾಡಿ ಕದಲಿಸಲು ನನಗೆ ಅಪ್ಪಣೆಯಿಲ್ಲ. ಮೊನ್ನೆ ನಂಜನಗೂಡಿನ ದಾರಿಯಲ್ಲಿ ಹಿಂದಿನಿಂದ ಅಮ್ಮ, "ತೊಂಬತ್ತೇನೋ ಇದು?" ಎಂದು ಶುರುಮಾಡಿದಳು.

"ಅರವತ್ತು ಕಣೇ, ನಾನು ನೋಡ್ತಾ ಇದೀನಿ" ಅಂದರು ಅಪ್ಪ. ಆಮೇಲೆ ನನಗೆ, "ನೀನು ರಸ್ತೆ ನೋಡು" ಅಂದರು.