ಓಣಿಯ ಕಾಗದಪತ್ರ ಕಾಯುವ ಕಂಪ್ಯೂಟರ್

ಸುರಪುರದ ನಮ್ಮ ಓಣಿಯಲ್ಲಿ ಫೋನ್ ಇಲ್ಲದ ಮನೆ ಸಿಗುವುದಿಲ್ಲ. ಕಂಪ್ಯೂಟರ್ ಇರುವ ಮನೆಗಳು ಮಾತ್ರ ಬೆರಳೆಣಿಕೆಯಷ್ಟು. ತಂಗಿಯ ಓದಿಗೆಂದು ತಂದ ನಮ್ಮ ಹಳೆಯ ಡೆಸ್ಕ್‌ಟಾಪ್ ಈಗ ಅರ್ಧ ಓಣಿಯ ಆಸ್ತಿ. ಪಹಣಿ ನೋಡಲು, ಸ್ಕಾಲರ್‌ಶಿಪ್ ಅರ್ಜಿ ತುಂಬಲು, 371(ಜೆ) ಪ್ರಮಾಣಪತ್ರಕ್ಕೆ ಕಾಗದ ಹೊಂದಿಸಲು ಜನ ಬರುತ್ತಾರೆ. ಅವರ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಎಲ್ಲವೂ ಅದರೊಳಗೆ ಹೋಗುತ್ತವೆ.

ಒಂದು ದಿನ ಪಕ್ಕದ ಮನೆಯ ದೊಡ್ಡವ್ವ ಕೇಳಿದಳು: "ತಮ್ಮಾ, ನನ್ನ ಆಧಾರ್ ಇದ್ರಾಗೇ ಕುಂತದೇನು? ಯಾರರ ಕದ್ದೊಯ್ದ್ರ ಏನ್ ಮಾಡ್ತಿ?"

ಆ್ಯಂಟಿವೈರಸ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಯಾವ ಕಂಪನಿಯದು ಒಳ್ಳೆಯದು ಎಂಬುದು ಆಮೇಲಿನ ಮಾತು.

ಕಳ್ಳ ಯಾವ ದಾರಿಯಿಂದ ಬರುತ್ತಾನೆ ನೋಡೋಣ. ನಮ್ಮ ಕಡೆ ದೊಡ್ಡ ದಾರಿ ಪೆನ್‌ಡ್ರೈವ್. ಝೆರಾಕ್ಸ್ ಅಂಗಡಿ, ಕಾಲೇಜು, ಗೆಳೆಯನ ಲ್ಯಾಪ್‌ಟಾಪ್ ಎಲ್ಲ ಸುತ್ತಿ ಅದು ಮನೆಗೆ ಬರುತ್ತದೆ. ಶಾರ್ಟ್‌ಕಟ್ ವೈರಸ್ ನಿಮ್ಮ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಒತ್ತಿದರೆ ವೈರಸ್ ಓಡುತ್ತದೆ, ಜೊತೆಗೆ ಫೋಲ್ಡರೂ ತೆರೆಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಎರಡನೆಯ ದಾರಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಪುಕ್ಕಟೆ ಫೋಟೋಶಾಪ್ ಹಾಕುವಾಗ "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಇರುತ್ತದೆ. ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆಯಿರಿ ಎಂದು ಕಳ್ಳನೇ ಹೇಳಿದಂತೆ. ಸ್ಪೈವೇರ್ ಹೀಗೇ ಒಳಗೆ ಬರುತ್ತದೆ. ಅದು ಏನನ್ನೂ ಕೆಡಿಸುವುದಿಲ್ಲ. ಸುಮ್ಮನೆ ಕುಳಿತು ನೀವು ಒತ್ತುವ ಪಾಸ್‌ವರ್ಡ್ ಬರೆದುಕೊಂಡು ಹೊರಗೆ ಕಳಿಸುತ್ತದೆ.

ಹಿಂದೆ ವೈರಸ್‌ಗೆ ಒಂದು, ಸ್ಪೈವೇರ್‌ಗೆ ಒಂದು ಎಂದು ಬೇರೆ ಬೇರೆ ಸಾಫ್ಟ್‌ವೇರ್ ಹಾಕುತ್ತಿದ್ದರು. ವಿಂಡೋಸ್ ಡಿಫೆಂಡರ್ ಕೂಡ ಮೊದಲು ಸ್ಪೈವೇರ್ ಹಿಡಿಯಲಿಕ್ಕಷ್ಟೇ ಇತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಅದು ಪೂರ್ಣ ಆ್ಯಂಟಿವೈರಸ್ ಆಯಿತು. ವಿಂಡೋಸ್ ಜೊತೆಗೇ ಬರುತ್ತದೆ, ಬೇರೆ ದುಡ್ಡಿಲ್ಲ. ನಮ್ಮ ಮನೆಯಲ್ಲಿ ಇರುವುದು ಅದೇ. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಸೆಕ್ಯುರಿಟಿ' ಎಂದು ಹುಡುಕಿದರೆ ಅದು ಚಾಲೂ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಯಾರದೇ ಪೆನ್‌ಡ್ರೈವ್ ಬಂದರೂ ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ ಮೊದಲು ಸ್ಕ್ಯಾನ್ ಮಾಡುತ್ತೇನೆ, ತೆರೆಯುವುದು ಆಮೇಲೆ.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವುದು ವ್ಯರ್ಥವೇ? ಹಾಗೇನಿಲ್ಲ. ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಬರುವ ಅಂಗಡಿಯವರಿಗೆ, ತೊಂದರೆಯಾದರೆ ಫೋನ್ ಮಾಡಿ ಕೇಳಬೇಕೆನ್ನುವವರಿಗೆ ಅದು ಉಪಯೋಗ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. ಕೊಳ್ಳುವಾಗ ಮೊದಲ ವರ್ಷದ ಬೆಲೆಯಷ್ಟೇ ಅಲ್ಲ, ಮುಂದಿನ ವರ್ಷ ನವೀಕರಣಕ್ಕೆ ಎಷ್ಟು ಎಂದೂ ಕೇಳಿ. ಅವಧಿ ಮುಗಿದು ಅಪ್‌ಡೇಟ್ ನಿಂತ ಆ್ಯಂಟಿವೈರಸ್‌ಗೆ ಹೊಸ ಕಳ್ಳರ ಗುರುತು ಸಿಗುವುದಿಲ್ಲ. ಎರಡೆರಡು ಹಾಕಿದರೆ ಭದ್ರತೆ ಹೆಚ್ಚಾಗುವುದಿಲ್ಲ. ಅವೆರಡೂ ಒಂದಕ್ಕೊಂದು ಅಡ್ಡಬಂದು ಹಳೆಯ ಕಂಪ್ಯೂಟರ್ ಎತ್ತಿನ ಗಾಡಿಯಾಗುತ್ತದೆ.

ಪುಕ್ಕಟೆ ಸಿಗುವ ಬೇರೆ ಆ್ಯಂಟಿವೈರಸ್ ಹಾಕುವ ಮುನ್ನ ಒಂದು ಸಂಗತಿ ತಿಳಿದಿರಲಿ. ಹೆಸರಾಂತ ಅವಾಸ್ಟ್ ಕಂಪನಿ, ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಮಾರಿದ ಆರೋಪಕ್ಕೆ ಸಿಕ್ಕಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಲು ಹೇಳಿತು. ಕಾವಲುಗಾರನನ್ನೂ ವಿಚಾರಿಸಿಯೇ ಇಟ್ಟುಕೊಳ್ಳಬೇಕು. ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ವೈರಸ್ ತೆಗೆಯುವ ಉಪಕರಣಗಳನ್ನು ಉಚಿತವಾಗಿ ಕೊಡುತ್ತದೆ. 2017ರಿಂದ ಅದು ಕೆಲಸ ಮಾಡುತ್ತಿದೆ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮತ್ತೊಂದು ವರ್ಷ ಕೊಟ್ಟರು. ಗೋಡೆಯೇ ಬಿರುಕು ಬಿಟ್ಟರೆ ಬಾಗಿಲಿಗೆ ಎಷ್ಟು ಕೀಲಿ ಹಾಕಿದರೇನು? ನಿಮ್ಮ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ, ಅದಕ್ಕೆ ಅಪ್‌ಡೇಟ್ ಬರುತ್ತಿದೆಯೇ ಎಂದು ಇವತ್ತೇ ನೋಡಿ. ಮುಖ್ಯವಾದ ಫೋಟೋ, ಕಾಗದಗಳ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಬಿಚ್ಚಿ ಕಪಾಟಿನಲ್ಲಿಡಿ. ಮೋಸದಿಂದ ಖಾತೆಯ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ದೊಡ್ಡವ್ವನಿಗೆ ಡಿಫೆಂಡರ್, ಅಪ್‌ಡೇಟ್ ಎಂದೆಲ್ಲ ಹೇಳಲಿಲ್ಲ. ಅರ್ಜಿ ಸಲ್ಲಿಸಿ ರಸೀದಿ ಕೈಗಿಟ್ಟ ಮೇಲೆ, ಅವಳ ಎದುರಿಗೇ ಅವಳ ಕಾಗದಗಳನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಈಗ ಓಣಿಯ ಎಲ್ಲರಿಗೂ ಹಾಗೇ ಮಾಡುತ್ತೇವೆ. ಆ್ಯಂಟಿವೈರಸ್ ಒಂದು ದಿನ ಸೋಲಬಹುದು. ಆದರೆ ಕಂಪ್ಯೂಟರಿನಲ್ಲಿ ಇಲ್ಲದ ಆಧಾರನ್ನು ಅಲ್ಲಿಂದ ಯಾರೂ ಕದಿಯಲಾರರು.